ಮೊದಲು ವಾಲ್ಯೂಮ್ ಸಮ ಮಾಡಿಕೊಳ್ಳಿ

ನಾನು ಉಡುಪಿ ಸುತ್ತಮುತ್ತ ಯಕ್ಷಗಾನ ಬಯಲಾಟಕ್ಕೆ ಮೈಕ್‌ಸೆಟ್ ಹಾಕುವವನು. ಪುರುಸೊತ್ತಿದ್ದಾಗ ಕೇಳುವುದು ಮಾತ್ರ ಬ್ರಿಟನ್ನಿನ ಫೋಕ್ ರಾಕ್, ಅಂದರೆ ಜನಪದ ಧಾಟಿಯ ಹಾಡಿಗೆ ಗಿಟಾರ್, ಡ್ರಮ್ಸ್ ಸೇರಿಸಿದ್ದು. ಎಂಥ ಸಂಬಂಧ ಅಂತ ನಗಬೇಡಿ ಮಾರಾಯ್ರೆ. ಅಲ್ಲೂ ಹಾಡಿನಲ್ಲಿ ಕಥೆ ಉಂಟು, ಹಿಂದೆ ತಾಳದ ಪೆಟ್ಟು ಉಂಟು.

ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ದು ಚೆಂದವೋ ವೇದಿಕೆಯ ಲೈವ್ ಚೆಂದವೋ ಅಂತ ಸುಮ್ನೆ ವಾದ ಮಾಡುವ ಬದಲು ಒಮ್ಮೆ ಹೀಗೆ ಕೇಳಿ. ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ‘ಫುಲ್ ಹೌಸ್’ ಆಲ್ಬಮ್ 1970ರದ್ದು. ಅದರಲ್ಲಿ ನುಡಿಸಿದ ಅದೇ ಐವರು ಅದೇ ವರ್ಷ ಲಾಸ್ ಏಂಜಲೀಸ್‌ನ ಟ್ರೂಬಡೂರ್ ಕ್ಲಬ್ಬಿನಲ್ಲಿ ನುಡಿಸಿದ್ದು ‘ಹೌಸ್ ಫುಲ್’ ಹೆಸರಲ್ಲಿ ಸಿಗುತ್ತದೆ. ‘ಸ್ಲಾತ್’ ಹಾಡು ಎರಡರಲ್ಲೂ ಇದೆ. ಅದನ್ನೇ ಹಿಡಿಯಿರಿ.

ಎರಡನ್ನೂ ಒಂದೇ ಸ್ಪೀಕರ್ ಬಾಕ್ಸಿನಲ್ಲಿ ಹಾಕಿ. ಹಾಡುವವರ ಸ್ವರ ಎರಡರಲ್ಲೂ ಒಂದೇ ಮಟ್ಟಕ್ಕೆ ಬರುವವರೆಗೆ ವಾಲ್ಯೂಮ್ ತಿರುಗಿಸಿ. ಇಲ್ಲದಿದ್ದರೆ ಜೋರಾಗಿದ್ದದ್ದೇ ಕಿವಿಗೆ ಚೆಂದ ಅನಿಸುತ್ತದೆ. ನಾನು ಸ್ಟುಡಿಯೋದ್ದನ್ನು ಮೊಬೈಲಿನಲ್ಲೂ ಲೈವನ್ನು ಅಂಗಳದ ದೊಡ್ಡ ಬಾಕ್ಸಿನಲ್ಲೂ ಕೇಳಿ ಎರಡು ತಿಂಗಳು ಲೈವನ್ನೇ ಹೊಗಳಿದ್ದೆ!

ಮೊದಲ ಸಲ ಡ್ರಮ್ಸ್ ಮಾತ್ರ ಗಮನಿಸಿ. ಎರಡನೇ ಸಲ, ಹಾಡುವುದು ನಿಂತು ರಿಚರ್ಡ್ ಥಾಂಪ್ಸನ್ನರ ಗಿಟಾರ್, ಡೇವ್ ಸ್ವಾರ್ಬ್ರಿಕ್ಕರ ಪಿಟೀಲು ಮುಂದೆ ಬರುವ ಜಾಗ. ಇಲ್ಲಿ ಅವಸರ ಬೇಡ, ನಾಲ್ಕೈದು ಸಲ ಹಿಂದೆ ಹೋಗಿ ಕೇಳಿ. ಒಬ್ಬರು ಎಳೆದದ್ದಕ್ಕೆ ಇನ್ನೊಬ್ಬರು ಏನು ಮಾಡಿದರು, ಡ್ರಮ್ಸ್ ಯಾವಾಗ ತಡೆದು ಯಾವಾಗ ಬಿಟ್ಟಿತು ಅಂತ ನೋಡಿ. ಆಟದಲ್ಲಿ ಹಾಡುವ ಭಾಗವತರು ಪದ ಎತ್ತಿದಾಗ ಚೆಂಡೆಯವರು ಕೋಲು ಎತ್ತಿ ಹಿಡಿದು ಅವರ ಮುಖವನ್ನೇ ನೋಡ್ತಾರಲ್ವಾ, ಆ ಕಾಯುವಿಕೆ ನನಗೆ ಇಲ್ಲಿ ಕೇಳುತ್ತದೆ. ಸ್ಟುಡಿಯೋದಲ್ಲಿ ತಪ್ಪಿದರೆ ಮತ್ತೊಮ್ಮೆ ನುಡಿಸಬಹುದು. ವೇದಿಕೆಯಲ್ಲಿ ತಪ್ಪಿದವನೇ ದಾರಿ ಹುಡುಕಬೇಕು.

ಚಪ್ಪಾಳೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ವಲ್ಪ ಕಲಸಿದ ಹಾಗೆ ಕೇಳಿದರೂ ದೂರಬೇಡಿ. ವೇದಿಕೆಯಲ್ಲಿ ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ನುಗ್ಗಿಯೇ ನುಗ್ಗುತ್ತದೆ. ಶುರುವಿನಲ್ಲಿ ನಾನು ಭಾಗವತರ ಸ್ವರ ಸಾಲದೆಂದು ಅವರ ಮೈಕ್ ಏರಿಸಿದ್ದೆ; ಜೊತೆಗೆ ಚೆಂಡೆಯೂ ಏರಿ, ಕೊನೆಗೆ ಮೈಕ್ ಕೂಗಿತು. ಎದುರಿನ ಸಾಲಿನ ಅಜ್ಜ ಕಿವಿ ಮುಚ್ಚಿಕೊಂಡದ್ದು ಇನ್ನೂ ನೆನಪಿದೆ.

ಕೊನೆಗೆ ಸ್ಟುಡಿಯೋದ್ದಕ್ಕೆ ಮರಳಿ, ಈ ಸಲ ಇಯರ್‌ಫೋನಿನಲ್ಲಿ. ಬಾಕ್ಸಿನಲ್ಲಿ ತಪ್ಪಿಹೋದ ಸಣ್ಣ ಸಣ್ಣ ಎಳೆಗಳು ಸಿಗುತ್ತವೆ. ಇದಕ್ಕೆ ಪತ್ತನಾಜೆ (ಮಳೆಗಾಲಕ್ಕೆ ಮುಂಚೆ ಆಟದ ತಿರುಗಾಟ ಮುಗಿಯುವ ದಿನ) ಕಳೆದು, ಸೆಟ್ ಒಳಗಿಟ್ಟ ಮೇಲೆ ಬೇಕಾದಷ್ಟು ಸಮಯ. ತಗಡಿನ ಮೇಲೆ ಮಳೆ ಜೋರಾದರೆ ಮಾತ್ರ ನಿಲ್ಲಿಸಿ, ಒಂದು ಚಾ ಕುಡಿದು ಬನ್ನಿ.