ಹರಳಿನ ಮೇಲೆ ಹತ್ತು ಮೈಕ್ರಾನ್ ಪದರ

ನೀರಿನಲ್ಲಿ ಕರಗಿದ ಕ್ಸೈಲೀನನ್ನು (ಬಣ್ಣಗಳಲ್ಲಿ ಬಳಸುವ ಒಂದು ದ್ರಾವಕ) ಅವಕೆಂಪು ಬೆಳಕಿನಿಂದ ಗುರುತಿಸಲು ಹೊರಟವರಿಗೆ ಮೊದಲ ಅಡ್ಡಿ ನೀರೇ. 3300ರ ಸುತ್ತ, 1640ರಲ್ಲಿ, ಮತ್ತೆ 900ರಿಂದ ಕೆಳಗೆ ಅದು ಬೆಳಕನ್ನು ನುಂಗಿಬಿಡುತ್ತದೆ (ಅಂಕಿಗಳೆಲ್ಲ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಲೆಕ್ಕದವು). ನನಗೆ ಬೇಕಾದ ಗೆರೆಗಳು, ಅಂದರೆ ಕ್ಸೈಲೀನ್ ಬೆಳಕನ್ನು ಹೀರುವ ಜಾಗಗಳು, ಇದ್ದದ್ದು ಆ ಕೆಳಗಿನ ಭಾಗದಲ್ಲೇ.

ಅದಕ್ಕೆ ಜಿಂಕ್ ಸೆಲೆನೈಡ್ ಹರಳಿನ ಮೇಲೆ ಪಾಲಿಐಸೊಬ್ಯುಟಿಲೀನ್ ಬಳಿದೆ. ಈ ಪಾಲಿಮರ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದು ತೀರಾ ಕಡಿಮೆ, ಕ್ಸೈಲೀನನ್ನು ಮಾತ್ರ ಹೀರಿ ಕೂಡಿಡುತ್ತದೆ. ಹರಳಿನೊಳಗೆ ಪುಟಿಯುತ್ತ ಸಾಗುವ ಬೆಳಕು ಈ ಭಾಗದಲ್ಲಿ ಹೊರಗೆ ಇಣುಕುವುದು ಎರಡೂವರೆ ಮೈಕ್ರಾನಿನಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಬೇಗ ಉತ್ತರ ಸಿಗಲಿ ಎಂಬ ಆಸೆಗೆ ಮೊದಲು ಪದರವನ್ನು ಮೂರೇ ಮೈಕ್ರಾನ್ ಮಾಡಿದೆ. ಅದು ತಪ್ಪಾಯಿತು. ಇಣುಕುವ ಬೆಳಕು ಒಮ್ಮೆಲೇ ನಿಲ್ಲುವುದಿಲ್ಲ, ಕ್ರಮೇಣ ಕ್ಷೀಣಿಸುತ್ತದೆ. ಅದರ ಬಾಲ ಪದರ ದಾಟಿ ನೀರನ್ನು ಮುಟ್ಟುತ್ತಿತ್ತು. ಸಾಲದ್ದಕ್ಕೆ ಒಂದು ಅಂಚು ಸುಕ್ಕುಗಟ್ಟಿ ಎದ್ದು ಅಡಿಗೇ ನೀರು ನುಗ್ಗಿತು. ಗ್ರಾಫಿನಲ್ಲಿ ನೀರಿನ ಗುರುತಾದ 1640ರ ಶಿಖರ ನಿಮಿಷ ನಿಮಿಷಕ್ಕೂ ಏರುವುದನ್ನು ನೋಡುತ್ತ ಕೂತಿದ್ದೆ.

ಎರಡನೇ ಸಲ ಲೆಕ್ಕ ಹಾಕಿ ಬಳಿದೆ. ಒಂದು ಮಿಲಿಲೀಟರ್ ಹೆಕ್ಸೇನಿನಲ್ಲಿ 5 ಮಿಲಿಗ್ರಾಂ ಪಾಲಿಮರ್, ಐದು ಚದರ ಸೆಂಟಿಮೀಟರ್ ಹರಳು, ಪಾಲಿಮರಿನ ಸಾಂದ್ರತೆ 0.92: ಪದರ ಸುಮಾರು 11 ಮೈಕ್ರಾನ್. ಮೇಲೊಂದು ಗಾಜಿನ ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಹೆಕ್ಸೇನ್ ನಿಧಾನವಾಗಿ ಆರಿದರೆ ಪದರ ಸಮನಾಗಿ ಕೂರುತ್ತದೆ. ಆಮೇಲೆ ಶುದ್ಧ ನೀರು ಹರಿಸಿ, 1640 ಅಲುಗದಿರುವುದು ಖಾತ್ರಿಯಾದ ಮೇಲೇ ಮುಂದಿನ ಕೆಲಸ. ಇದಕ್ಕೆ ತೆರುವ ಬೆಲೆ ಸಮಯ: ದಪ್ಪ ದುಪ್ಪಟ್ಟಾದರೆ ಕ್ಸೈಲೀನ್ ಒಳಸೇರಲು ನಾಲ್ಕು ಪಟ್ಟು ಹೊತ್ತು. ಕಾಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಕಾದದ್ದಕ್ಕೆ ಸಿಕ್ಕಿದ್ದು ಮೂರು ಶಿಖರಗಳು, ಕ್ಸೈಲೀನಿನ ಮೂರು ರೂಪಗಳಿಗೆ ಒಂದೊಂದು. ಆರ್ಥೋ 742ರಲ್ಲಿ, ಮೆಟಾ 769ರಲ್ಲಿ, ಪ್ಯಾರಾ 795ರಲ್ಲಿ. ಮೂರಕ್ಕೂ ಒಂದೇ ಅಣುಸೂತ್ರ, ಒಂದೇ ತೂಕ. ಉಂಗುರದಲ್ಲಿ ಎರಡು ಮೀಥೈಲ್‌ಗಳು ಕೂತ ಜಾಗವಷ್ಟೇ ಬೇರೆ. ಪಾಲಿಮರ್ ಮೂರನ್ನೂ ಒಟ್ಟಿಗೆ ಒಳಗೆ ತಂದಿತ್ತು, ಬೆಳಕು ಒಂದೊಂದನ್ನೂ ಬೇರ್ಪಡಿಸಿ ತೋರಿಸಿತು. ಆ ಗ್ರಾಫನ್ನು ಎಷ್ಟು ಹೊತ್ತು ನೋಡಿದೆನೋ!

ಹೀಗೆಯೇ ಬೆಂಜೀನನ್ನು ಅಳೆಯಬೇಕೆನ್ನುವವರಿಗೆ ಒಂದು ಎಚ್ಚರಿಕೆ: ಅದರ ಗೆರೆ 675ರ ಬಳಿ, ಗಾಳಿಯ ಇಂಗಾಲದ ಡೈಆಕ್ಸೈಡಿನದು 667ರಲ್ಲಿ. ಉಪಕರಣದೊಳಗೆ ಒಣ ನೈಟ್ರೋಜನ್ ಹರಿಸದೆ ಅಳೆಯಬೇಡಿ. ಹರಳನ್ನು ಆಮ್ಲದಿಂದ ತೊಳೆಯಲೇಬೇಡಿ. ಹರಳು ಹಾಳಾಗುವುದಷ್ಟೇ ಅಲ್ಲ, ವಿಷಾನಿಲವೂ ಏಳುತ್ತದೆ.

ಕೊನೆಗೆ ಮತ್ತೆ ಶುದ್ಧ ನೀರು ಹರಿಸಿದೆ. ಮೂರೂ ಶಿಖರಗಳು ಮೆಲ್ಲಗೆ ಇಳಿದವು. ಅದೇ ಪದರದ ಮೇಲೆ ಮುಂದಿನ ಮಾದರಿ ಬಿಟ್ಟೆ.