ಒಂದೇ ಬಕೆಟ್, ಅಪ್ಪನ ಲೈಸೆನ್ಸ್: ವಾಷಿಂಗ್ಟನ್ ರಾಜ್ಯದಲ್ಲಿ ಮರುವಾಯಿ, ಏಡಿ, ಮೀನು, ಬೇಟೆ

ಸಿಯಾಟಲ್ ಸುತ್ತಮುತ್ತ ಲೇಆಫ್ ಸುದ್ದಿ ಜೋರಾದಾಗಲೆಲ್ಲ ನಮ್ಮ ಕರಾವಳಿ, ಮಲೆನಾಡು ಕಡೆಯವರ ಮನೆಗಳಲ್ಲಿ ಒಂದು ಮಾತು ಬರುತ್ತದೆ. "ಸುತ್ತ ಇಷ್ಟು ನೀರಿದೆ, ಕಾಡಿದೆ. ವಾರಕ್ಕೆ ಎರಡು ದಿನದ ಪದಾರ್ಥ ಅಲ್ಲಿಂದಲೇ ತರಬಹುದಲ್ವಾ?" ತರಬಹುದು. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದವರಿಗೆ ಕೆಲಸ ಹೋದರೆ ಇನ್ನೊಂದು ಹುಡುಕಲು ಹೆಚ್ಚೆಂದರೆ 60 ದಿನ ಸಿಗುತ್ತದೆ. ಆ ದಿನಗಳಲ್ಲಿ ಪ್ರತಿ ಡಾಲರ್‌ಗೂ ಲೆಕ್ಕ ಇಡಬೇಕಾಗುತ್ತದೆ. ಹಾಗಿರುವಾಗ ಸಮುದ್ರದ ಕಡೆ ನೋಡುವುದು ತಪ್ಪಲ್ಲ. ಆದರೆ ಉಳಿಸಲು ಹೋದವರು ದಂಡ, ವಕೀಲರ ಫೀಸು ಅಂತ ಇದ್ದದ್ದನ್ನೂ ಕಳೆದುಕೊಂಡು ಬರುವುದನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೀನು, ಮರುವಾಯಿ ಹಿಡಿಯಲು ಲೈಸೆನ್ಸ್ ಬೇಕು, ಆನ್‌ಲೈನ್‌ನಲ್ಲಿ ಸಿಗುತ್ತದೆ, ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ನಡೆಯುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಆ ಲೈಸೆನ್ಸ್ ಮನೆಗಲ್ಲ, ಒಬ್ಬ ಮನುಷ್ಯನಿಗೆ ಅನ್ನುವುದು. ನಮ್ಮವರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ.

ಸಮುದ್ರದ ಒಳಕೊಲ್ಲಿಯಾದ ಹುಡ್ ಕೆನಾಲ್‌ನ ಒಂದು ಬೀಚಿನಲ್ಲಿ ಕುಂದಾಪುರ ಕಡೆಯ ಒಂದು ಕುಟುಂಬ ಸಿಕ್ಕಿತ್ತು. ಗಂಡ, ಹೆಂಡತಿ, ಊರಿಂದ ಬಂದ ಅಪ್ಪ. ಆ ಯಜಮಾನರು ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಕುಕ್ಕರಗಾಲಲ್ಲಿ ಕೂತು, ಸಣ್ಣ ಕೈಗುದ್ದಲಿಯಿಂದ ಜಲ್ಲಿ ಗೋರುತ್ತಿದ್ದರು. ಎಲ್ಲಿ ಕೈ ಹಾಕಿದರೆ ಮರುವಾಯಿ (ಇಲ್ಲಿನವರ ಕ್ಲಾಮ್, ಎರಡು ಚಿಪ್ಪಿನ ಜೀವಿ) ಸಿಗುತ್ತದೆ ಅನ್ನುವುದು ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಮಗ ಅರ್ಧ ಗಂಟೆ ಅಗೆದದ್ದು ಅವರಿಗೆ ಹತ್ತು ನಿಮಿಷದ ಕೆಲಸ. ಸೊಸೆ ಆರಿಸಿ ಬಕೆಟ್‌ಗೆ ಹಾಕುತ್ತಿದ್ದಳು. ಬಕೆಟ್ ಒಂದೇ. ತಲೆಗೆ 40ರಂತೆ ಮೂವರಿಗೆ 120 ಅಂತ ಅವರ ಲೆಕ್ಕ. ಮೀನುಗಾರಿಕೆ ಇಲಾಖೆಯ ಆಫೀಸರ್ ಬಂದು ನಗುತ್ತಲೇ ಕೇಳಿದರು, ಇದು ಯಾರದ್ದು? ಮಗ ಹೇಳಿದ್ದು, "ನಮ್ಮ ಫ್ಯಾಮಿಲಿದು." ಆ ಉತ್ತರಕ್ಕೆ ಇಲ್ಲಿನ ಕಾನೂನಿನಲ್ಲಿ ಜಾಗವೇ ಇಲ್ಲ.

ನಿಯಮ ಹೀಗಿದೆ. ಪ್ಯೂಜೆಟ್ ಸೌಂಡ್ (ಸಿಯಾಟಲ್ ಮಗ್ಗುಲಿನ ಸಮುದ್ರದ ಒಳಕೊಲ್ಲಿ), ಹುಡ್ ಕೆನಾಲ್ ಕಡೆ ಒಬ್ಬರಿಗೆ ದಿನಕ್ಕೆ 40 ಮರುವಾಯಿ, ಚಿಪ್ಪು ಸಮೇತ 10 ಪೌಂಡ್ ಮೀರಬಾರದು. ಮನಿಲಾ, ಲಿಟ್ಲ್‌ನೆಕ್, ಬಟರ್, ಕಾಕಲ್ ಯಾವ ಜಾತಿಯದ್ದೇ ಇರಲಿ, ಒಂದೂವರೆ ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಪ್ರತಿಯೊಬ್ಬರೂ ತಮ್ಮದನ್ನು ತಾವೇ ಅಗೆಯಬೇಕು, ತಮ್ಮದೇ ಪಾತ್ರೆಯಲ್ಲಿ ಹಾಕಬೇಕು. 15 ತುಂಬಿದವರೆಲ್ಲರಿಗೂ ಲೈಸೆನ್ಸ್ ಬೇಕು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬೇಡ, ಆದರೆ ಅವರಿಗೂ ಬೇರೆ ಪಾತ್ರೆ ಬೇಕು. ಮಗುವಿನ ಹೆಸರಲ್ಲಿ ನೀವು ಅಗೆಯುವಂತಿಲ್ಲ. "ಅಪ್ಪ ಸುಮ್ನೆ ಸಹಾಯ ಮಾಡ್ತಿದ್ರು" ಅನ್ನುವ ಮಾತು ನಡೆಯುವುದಿಲ್ಲ. ಅಗೆಯುವುದು, ಹೆಕ್ಕುವುದು ಎಲ್ಲವೂ ಮೀನುಗಾರಿಕೆಯೇ.

ಇನ್ನೊಂದು ಗುಂಡಿ ಇದರ ಪಕ್ಕದಲ್ಲೇ ಇದೆ. 90 ದಿನ ವಾಸವಿದ್ದವರಿಗೆ ರೆಸಿಡೆಂಟ್ ಲೈಸೆನ್ಸ್, ಅಂದರೆ ಇಲ್ಲಿನ ವಾಸಿಗಳ ಲೈಸೆನ್ಸ್ ಸಿಗುತ್ತದೆ ಅಂತ ಯಾರೋ ಹೇಳಿರುತ್ತಾರೆ. ಅಪ್ಪ ಬಂದು ನಾಲ್ಕು ತಿಂಗಳಾಯ್ತಲ್ಲ ಅಂತ ಅವರಿಗೂ ಅದನ್ನೇ ತೆಗೆಸುತ್ತಾರೆ. ಅದು ತಪ್ಪು. 90 ದಿನದ ಜೊತೆಗೆ ಇಲ್ಲಿ ಖಾಯಂ ಮನೆ ಇರಬೇಕು, ಮುಂದೆಯೂ ಇಲ್ಲೇ ಇರುತ್ತೇನೆ ಅನ್ನುವುದಕ್ಕೆ ದಾಖಲೆ ಇರಬೇಕು. ವಿಸಿಟರ್ ವೀಸಾದಲ್ಲಿ ಬಂದವರು ವಾಪಸ್ ಹೋಗುತ್ತೇವೆ ಅಂತ ಹೇಳಿಯೇ ಬಂದವರು. ಎರಡನ್ನೂ ಒಟ್ಟಿಗೆ ಹೇಳಲು ಆಗುವುದಿಲ್ಲ. ಟೆಕ್ಸಾಸಿನಿಂದಲೋ ಕ್ಯಾಲಿಫೋರ್ನಿಯಾದಿಂದಲೋ ಈಗ ತಾನೇ ಬಂದವರೂ 90 ದಿನ ಕಾಯಬೇಕು. ಹಳೆಯ ರಾಜ್ಯದ ರೆಸಿಡೆಂಟ್ ಲೈಸೆನ್ಸ್ ಕೈಯಲ್ಲಿಟ್ಟುಕೊಂಡು ಇಲ್ಲಿಯದನ್ನೂ ತೆಗೆಯುವಂತಿಲ್ಲ. ಎಚ್-1ಬಿಯವರಿಗೆ, ಅವರ ಮನೆಯವರ ವೀಸಾ ಎಚ್-4ನವರಿಗೆ ಇಲ್ಲಿ ತಾರತಮ್ಯ ಇಲ್ಲ. ಪೌರತ್ವ ಯಾರೂ ಕೇಳುವುದಿಲ್ಲ, ವಾಸ ಕೇಳುತ್ತಾರೆ.

ಅಪ್ಪ ಅಮ್ಮನಿಗೆ ಸುಲಭದ ದಾರಿ ಇದೆ. ಒಂದು, ಎರಡು, ಮೂರು ದಿನದ ತಾತ್ಕಾಲಿಕ ಲೈಸೆನ್ಸ್ ಸಿಗುತ್ತದೆ. ನಾನ್‌ರೆಸಿಡೆಂಟ್ ವರ್ಷದ ಲೈಸೆನ್ಸ್ ರೆಸಿಡೆಂಟ್‌ಗಿಂತ ಎರಡು ಪಟ್ಟಿಗೂ ಜಾಸ್ತಿ ದುಬಾರಿ, ಅದು ಬೇಡ. ಜೂನ್ ಮೊದಲ ಭಾಗದಲ್ಲಿ ಒಂದು ಶನಿವಾರ, ಭಾನುವಾರ ಎಲ್ಲರಿಗೂ ಲೈಸೆನ್ಸ್ ಇಲ್ಲದೆ ಹಿಡಿಯಲು ಬಿಡುತ್ತಾರೆ. ಊರಿಂದ ಬಂದವರನ್ನು ಕರೆದೊಯ್ಯಲು ಅದೇ ಒಳ್ಳೆಯ ದಿನ. ಮಿತಿ, ಅಳತೆ, ಬೇರೆ ಬೇರೆ ಪಾತ್ರೆ ಅವತ್ತೂ ತಪ್ಪುವುದಿಲ್ಲ.

ಆ ಕುಟುಂಬಕ್ಕೆ ಏನಾಯಿತು ಅಂದರೆ, ಮರುವಾಯಿ ಹೋಯಿತು, ಅಪ್ಪನ ಹೆಸರಲ್ಲೂ ಮಗನ ಹೆಸರಲ್ಲೂ ಚೀಟಿ ಬಂತು. ದಂಡಕ್ಕಿಂತ ಹೆಚ್ಚು ಕಾಡಿದ್ದು ಆಮೇಲಿನ ಓಡಾಟ. ಇಲ್ಲಿ ಕೆಲವು ಉಲ್ಲಂಘನೆ ಬರೀ ದಂಡದಲ್ಲಿ ಮುಗಿಯುತ್ತವೆ, ಕೆಲವು ಕ್ರಿಮಿನಲ್ ಪ್ರಕರಣವಾಗಿ ಕೌಂಟಿ ಕೋರ್ಟಿಗೆ ಹೋಗುತ್ತವೆ. ಎರಡರ ಕಾಗದವೂ ಹೊಸಬರ ಕಣ್ಣಿಗೆ ಒಂದೇ ತರಹ ಕಾಣುತ್ತದೆ. ವೀಸಾದಲ್ಲಿರುವವರು "ಕಟ್ಟಿ ಮುಗಿಸೋಣ" ಅಂತ ಅವಸರ ಮಾಡಲೇಬೇಡಿ. ಕಟ್ಟುವುದು ತಪ್ಪೊಪ್ಪಿಗೆ ಆಗಬಹುದು. ಮೊದಲು ಇಮಿಗ್ರೇಷನ್ ಗೊತ್ತಿರುವ ವಕೀಲರಿಗೆ ಆ ಕಾಗದ ತೋರಿಸಿ. ಮುಂದಿನ ವೀಸಾ ಫಾರ್ಮಿನಲ್ಲಿ ಬರುವ, ಅಪರಾಧದ ದಾಖಲೆ ಇದೆಯಾ ಅನ್ನುವ ಪ್ರಶ್ನೆಗೆ ಅಪ್ಪ ಏನು ಬರೆಯಬೇಕು ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಇನ್ನು ಬೀಚಿನ ವಿಷಯ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಯಾರು ಬೇಕಾದರೂ ಇಳಿದು ಬೆಳಚು (ಮರುವಾಯಿಯಂಥದ್ದೇ ಚಿಪ್ಪು) ಹೆಕ್ಕುತ್ತಾರೆ. ಆ ಕೆಸರು ಯಾರದ್ದು ಅಂತ ಅವರನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ. 1889ರಲ್ಲಿ ರಾಜ್ಯವಾದ ಮೇಲೆ ವಾಷಿಂಗ್ಟನ್ ತನ್ನ ಭರತ ಇಳಿತದ ನೆಲವನ್ನೇ ಮಾರುತ್ತಾ ಬಂತು. 1971ರಲ್ಲಷ್ಟೇ ಮಾರಾಟ ನಿಂತಿತು. ಹಾಗಾಗಿ ಪ್ಯೂಜೆಟ್ ಸೌಂಡ್ ದಡದ ಹೆಚ್ಚಿನ ಪಾಲು ಖಾಸಗಿ. ನೀರು ಇಳಿದಾಗ ಕಾಣುವ ಕೆಸರಿಗೂ ಮಾಲೀಕರಿದ್ದಾರೆ, ಅದರಲ್ಲಿರುವ ಮರುವಾಯಿಯೂ ಅವರದ್ದೇ. ಸಮುದ್ರತೀರವನ್ನು ಮಾರಿದ್ದು ದೊಡ್ಡ ಅನ್ಯಾಯ ಅನ್ನುವುದು ನನ್ನ ಅಭಿಪ್ರಾಯ. ಈ ವಿಷಯದಲ್ಲಿ ನಮ್ಮ ಊರಿನ ಪದ್ಧತಿಯೇ ಮೇಲು. ಪಾಟ್‌ಲ್ಯಾಚ್, ಟ್ವಾನೋ, ಡೋಸ್‌ವಾಲಿಪ್ಸ್‌ನಂಥ ಸ್ಟೇಟ್ ಪಾರ್ಕುಗಳಿಗೆ ಹೋದರೆ ಈ ತಲೆನೋವು ಕಡಿಮೆ. ಆದರೆ ಕಾರಿಗೆ ಡಿಸ್ಕವರ್ ಪಾಸ್ ಅನ್ನುವ ಪಾರ್ಕಿನ ಪಾಸ್ ಬೇಕು. ಮೀನಿನ ಲೈಸೆನ್ಸ್ ಜೊತೆ ಬರುವ ವಾಹನದ ಪಾಸ್ ಮೀನುಗಾರಿಕೆ ಇಲಾಖೆಯ ಜಾಗಕ್ಕೆ ಮಾತ್ರ, ಪಾರ್ಕಿಗೆ ನಡೆಯುವುದಿಲ್ಲ. ಅದನ್ನು ಅಲ್ಲಿ ತೂಗುಹಾಕಿ ಬಂದವರ ಗಾಜಿನ ಮೇಲೆ 99 ಡಾಲರ್‌ನ ಚೀಟಿ ಇರುತ್ತದೆ.

ಸೀಸನ್ ತೆರೆದಿದೆ ಅಂದರೆ ತಿನ್ನಲು ಸುರಕ್ಷಿತ ಅಂತ ಅರ್ಥವಲ್ಲ. ದಯವಿಟ್ಟು ಇದನ್ನು ಮನೆಯವರಿಗೆಲ್ಲ ಹೇಳಿ. ಸೀಸನ್ ಹೇಳುವುದು ಮೀನುಗಾರಿಕೆ ಇಲಾಖೆ. ವಿಷ ಇದೆಯೋ ಇಲ್ಲವೋ ಹೇಳುವುದು ಆರೋಗ್ಯ ಇಲಾಖೆ, ಅದರ ಮ್ಯಾಪ್ ಬೇರೆಯೇ ಇದೆ. ಹೊರಡುವ ದಿನ ಬೆಳಿಗ್ಗೆ ಎರಡನ್ನೂ ನೋಡಬೇಕು. ಇಲ್ಲಿನ ನೀರಿನಲ್ಲಿ ಒಂದು ಬಗೆಯ ಪಾಚಿ ಹೆಚ್ಚಾದಾಗ ಮರುವಾಯಿಯೊಳಗೆ ಪಾರ್ಶ್ವವಾಯು ತರುವ ವಿಷ ಸೇರುತ್ತದೆ. ನೀರು ತಿಳಿಯಾಗಿಯೇ ಇರುತ್ತದೆ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸರಿಹೋಗುತ್ತದೆ ಅನ್ನುವುದು ನಮ್ಮ ಅಡುಗೆಮನೆಯ ನಂಬಿಕೆ. ಈ ವಿಷ ಬೇಯಿಸಿದರೂ ಹೋಗುವುದಿಲ್ಲ, ಫ್ರೀಜರ್‌ನಲ್ಲಿಟ್ಟರೂ ಹೋಗುವುದಿಲ್ಲ. ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ ಕಾಯಬೇಡಿ, 911ಗೆ ಫೋನ್ ಮಾಡಿ. ಉಸಿರು ನಿಲ್ಲಿಸುವ ವಿಷ ಅದು.

ಅಗೆದ ಗುಂಡಿ ಮುಚ್ಚಿಯೇ ಏಳಬೇಕು. ಗುಡ್ಡೆ ಹಾಕಿದ ಜಲ್ಲಿಯ ಅಡಿ ಮರಿಗಳು ಉಸಿರುಕಟ್ಟಿ ಸಾಯುತ್ತವೆ. ಸಿಂಪಿ ತೆಗೆದರೆ ಅಲ್ಲೇ ಬಿಡಿಸಿ, ಮಾಂಸ ಮಾತ್ರ ತಂದು, ಚಿಪ್ಪನ್ನು ತೆಗೆದ ಜಾಗದಲ್ಲೇ ಬಿಡಬೇಕು. ಹೊಸ ಮರಿಗಳು ಆ ಚಿಪ್ಪಿಗೇ ಅಂಟಿ ಬೆಳೆಯುತ್ತವೆ. ಇಂಥ ನಿಯಮಗಳನ್ನು ನಾನು ಮನಸಾರೆ ಒಪ್ಪುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಇಳಿಯುವಂತಿಲ್ಲ. ಒಂದೇ ತಾರೀಕು, ಎಲ್ಲರಿಗೂ ಗೊತ್ತು. ಇಲ್ಲಿ ಬೀಚಿಗೊಂದು ಸೀಸನ್, ಅದೂ ನಡುವೆ ಬದಲಾಗುತ್ತದೆ. ಸರಳತೆಯಲ್ಲಿ ನಮ್ಮದು ಮುಂದು. ಮರಿಗಳನ್ನು ಕಾಯುವುದರಲ್ಲಿ ಇವರದ್ದು.

ಏಡಿ ವಿಷಯಕ್ಕೆ ಬಂದರೆ, ಡಂಜೆನೆಸ್ ಏಡಿ ಪ್ಯೂಜೆಟ್ ಸೌಂಡಿನಲ್ಲಿ ದಿನಕ್ಕೆ ಐದು. ಗಂಡು ಮಾತ್ರ, ಗಟ್ಟಿ ಚಿಪ್ಪಿನದು ಮಾತ್ರ, ಬೆನ್ನಿನ ಅಗಲ ಆರೂಕಾಲು ಇಂಚು ಇರಬೇಕು. ಚಿಪ್ಪಿನ ಎರಡೂ ಬದಿ ಚೂಪಾದ ಮುಳ್ಳು ಇದೆಯಲ್ಲ, ಅದರ ಸ್ವಲ್ಪ ಮುಂದೆ ಅಳೆಯಬೇಕು, ಮುಳ್ಳನ್ನು ಸೇರಿಸುವಂತಿಲ್ಲ. ಮುಳ್ಳಿನ ತುದಿಯಿಂದ ತುದಿಗೆ ಅಳೆದು ಕಡಿಮೆ ಅಳತೆಯ ಏಡಿ ಇಟ್ಟುಕೊಂಡವರು ಬೇಕಾದಷ್ಟು ಮಂದಿ. ಅಂಗಡಿಯಲ್ಲಿ ಪ್ಲಾಸ್ಟಿಕ್ ಅಳತೆಪಟ್ಟಿ ಸಿಗುತ್ತದೆ, ಅದನ್ನೇ ಬಳಸಿ. ಗಂಡು ಹೆಣ್ಣು ಕರಾವಳಿಯವರಿಗೆ ಹೇಳಬೇಕಿಲ್ಲ, ಹೊಟ್ಟೆಯ ಮಡಿಕೆ ನೋಡಿದರೆ ಸಾಕು. ಏಡಿ ಹಿಡಿಯುವ ಬೋನಿನ ಮುಚ್ಚಳಕ್ಕೆ ಹತ್ತಿಯ ದಾರವನ್ನೇ ಕಟ್ಟಬೇಕು. ಬೋನು ಕಳೆದುಹೋದರೆ ದಾರ ಕೊಳೆತು ಬಾಗಿಲು ತೆರೆದುಕೊಳ್ಳುತ್ತದೆ, ಒಳಗಿರುವ ಏಡಿಗಳು ಸುಮ್ನೆ ಸಾಯುವುದಿಲ್ಲ. ಹಿಡಿದ ಕೂಡಲೇ ಏಡಿಯ ಲೆಕ್ಕ ಬರೆಯುವ ಕಾರ್ಡಿನಲ್ಲಿ ಬರೆಯಬೇಕು, ಮನೆಗೆ ಬಂದ ಮೇಲಲ್ಲ. ಬೇಸಿಗೆಯ ಲೆಕ್ಕವನ್ನು ಅಕ್ಟೋಬರ್ 1ರೊಳಗೆ ಕಳಿಸಬೇಕು. ಒಂದೂ ಸಿಗದಿದ್ದರೂ ಕಳಿಸಬೇಕು, ಇಲ್ಲವಾದರೆ ಮುಂದಿನ ಲೈಸೆನ್ಸ್ ಜೊತೆ 10 ಡಾಲರ್ ದಂಡ. ಅಡುಗೆಗೆ ಒಂದು ಮಾತು: ನಾವು ಏಡಿ ಸುಕ್ಕಕ್ಕೆ ಒಳಗಿನ ಹಳದಿ ಭಾಗವನ್ನೂ ಸೇರಿಸುತ್ತೇವೆ. ಇಲ್ಲಿ ಬೇಡ. ವಿಷ ಸೇರುವುದು ಅಲ್ಲಿಯೇ, ಮಾಂಸದಲ್ಲಲ್ಲ. ಬೇಯಿಸುವ ಮೊದಲೇ ಒಳಗಿನದ್ದನ್ನು ತೆಗೆದುಬಿಡಿ.

ಹಿಡಿದದ್ದನ್ನು ಮಾರುವಂತಿಲ್ಲ. ಕೆಲಸ ಹೋದಾಗ "ತಾಜಾ ಏಡಿ ಬೇಕಾದವರು ಹೇಳಿ" ಅಂತ ಪರಿಚಯದವರಿಗೆ ಮೆಸೇಜ್ ಹಾಕುವ ಆಸೆ ಬರುತ್ತದೆ. ಪಕ್ಕದ ಮನೆಗೆ ಕೊಡಿ, ಹಣ ಮುಟ್ಟಬೇಡಿ.

ನಮಗೆ ಬಂದ್ ಇರುವ ದಿನ ಮೂಲನಿವಾಸಿಗಳ ದೋಣಿಗಳು ಬಲೆ ಹಾಕುತ್ತಿರುವುದನ್ನು ನೋಡಿ ಹೊಸಬರು ಗೊಣಗುತ್ತಾರೆ. ಗೊಣಗಬೇಡಿ. ಅಮೆರಿಕ ಸರ್ಕಾರದ ಜೊತೆ ಮಾಡಿಕೊಂಡ 1854-55ರ ಒಪ್ಪಂದಗಳಲ್ಲಿ ಅವರು ನೆಲ ಬಿಟ್ಟುಕೊಟ್ಟರು, ಮೀನಿನ ಹಕ್ಕು ಉಳಿಸಿಕೊಂಡರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಅವರದ್ದು ಅಂತ ತೀರ್ಪು ಕೊಟ್ಟರು. 1994ರಲ್ಲಿ ಇನ್ನೊಂದು ತೀರ್ಪು ಮರುವಾಯಿ, ಏಡಿಗೂ ಅದನ್ನೇ ಹೇಳಿತು. ನಾವು ಹಿಡಿಯುವುದು ಉಳಿದ ಅರ್ಧದಲ್ಲಿ.

ಸಾಲ್ಮನ್ ಬಗ್ಗೆ ಒಂದೇ ವಿಷಯ. ಬಾಲದ ಹತ್ತಿರ ಬೆನ್ನ ಮೇಲೆ ಸಣ್ಣ ರೆಕ್ಕೆ ಇರುತ್ತದೆ. ಮರಿಸಾಕಣೆಯ ಮೀನಿಗೆ ಅದನ್ನು ಕತ್ತರಿಸಿ ಬಿಟ್ಟಿರುತ್ತಾರೆ. ಎಷ್ಟೋ ಕಡೆ ಆ ರೆಕ್ಕೆ ಇಲ್ಲದ್ದನ್ನು ಮಾತ್ರ ಇಟ್ಟುಕೊಳ್ಳಬಹುದು. ಇದ್ದರೆ ನೀರಿನಿಂದ ಎತ್ತದೆ ಬಿಡಬೇಕು, ಫೋಟೋಗೂ ಎತ್ತಬಾರದು. ಸಿಯಾಟಲ್ ಒಳಗಿನ ದುವಾಮಿಷ್ ನದಿಯಲ್ಲಿ ಸಾಲ್ಮನ್ ಬಿಟ್ಟು ಬೇರೆ ಮೀನನ್ನಾಗಲಿ, ಏಡಿ, ಮರುವಾಯಿಯನ್ನಾಗಲಿ ತಿನ್ನಬೇಡಿ. ಹಳೆಯ ಕಾರ್ಖಾನೆಗಳ ವಿಷ ಅಲ್ಲಿನ ತಳದಲ್ಲಿ ಕೂತಿದೆ. ಬಸ್ಸಿನಲ್ಲಿ ಹೋಗಬಹುದಾದ ಜಾಗ, ಅದಕ್ಕೇ ಹೊಸಬರು ಅಲ್ಲಿಗೇ ಹೋಗುತ್ತಾರೆ.

ಕಷ್ಟಕಾಲಕ್ಕೆ ಇದನ್ನೇ ನಂಬಿ ಕೂರಬಹುದಾ? ಬೇಡ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ರಾಜ್ಯವಿಡೀ ಹವ್ಯಾಸಿ ಮೀನುಗಾರಿಕೆ ಬಂದ್ ಆಯಿತು. ತೆರೆದದ್ದು ಮೇ ಮೊದಲ ವಾರ. ಜನರಿಗೆ ಹೆಚ್ಚು ಬೇಕಾದಾಗಲೇ ಬಾಗಿಲು ಹಾಕಿತ್ತು. ಪೆಟ್ರೋಲು, ಪಾಸ್, ಲೈಸೆನ್ಸ್ ಎಲ್ಲ ಲೆಕ್ಕ ಹಾಕಿದರೆ ಖರ್ಚಿಗೆ ಸರಿಹೊಂದುವುದು ಮರುವಾಯಿ ಒಂದೇ ಅಂತ ನನಗನಿಸುತ್ತದೆ. ಒಂದು ಕೈಗುದ್ದಲಿ, ತಲೆಗೊಂದು ಬಕೆಟ್, ಇಳಿತದ ವೇಳಾಪಟ್ಟಿ. ಕೆಲಸ ಹೋದವರು ಉಚಿತವಾಗಿ ದಿನಸಿ ಕೊಡುವ ಫುಡ್ ಬ್ಯಾಂಕಿಗೂ ಹೋಗಿ, ಅದರಲ್ಲಿ ಅವಮಾನ ಏನಿಲ್ಲ.

ಬೇಟೆ ಬಗ್ಗೆ ಎಚ್ಚರಿಕೆಯನ್ನೇ ಹೇಳುತ್ತೇನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧವಾಯಿತು. ಇಲ್ಲಿ ಅದು ಕಾನೂನಿನ ಒಳಗೇ ಇದೆ. ಹಾಗಾಗಿ ಕೊಡಗು, ಮಲೆನಾಡಿನ ಹುಡುಗರಿಗೆ ಇಲ್ಲಿ ಎಲ್ಲ ನಡೆಯುತ್ತದೆ ಅನ್ನಿಸುತ್ತದೆ. ಹಾಗಲ್ಲ. 1972ರ ಜನವರಿ 1ರ ನಂತರ ಹುಟ್ಟಿದವರಿಗೆ ಬೇಟೆಯ ತರಬೇತಿ ಮುಗಿಸದೆ ಸಾಮಾನ್ಯವಾಗಿ ಇಲ್ಲಿ ಬೇಟೆ ಲೈಸೆನ್ಸ್ ಸಿಗುವುದಿಲ್ಲ. ರಾತ್ರಿ ಟಾರ್ಚ್ ಹಾಕಿ ಜಿಂಕೆ ಹೊಡೆಯುವುದು ಇಲ್ಲೂ ಅಪರಾಧ. ಎಲ್ಲಕ್ಕಿಂತ ಮುಖ್ಯ, ಎಚ್-1ಬಿ, ಎಚ್-4, ಎಫ್-1 (ವಿದ್ಯಾರ್ಥಿ ವೀಸಾ), ವಿಸಿಟರ್ ವೀಸಾದವರ ಕೈಯಲ್ಲಿ ಕೋವಿ ಇರುವುದೇ ಫೆಡರಲ್ ಅಪರಾಧ. ಇದಕ್ಕಿರುವ ಒಂದು ಮುಖ್ಯ ವಿನಾಯಿತಿ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದರ ಅವಧಿ ಮಾರ್ಚ್ 31ಕ್ಕೆ ಮುಗಿದರೆ, ಏಪ್ರಿಲ್ 1ಕ್ಕೆ ಕಪಾಟಿನಲ್ಲಿ ಸುಮ್ನೆ ಇರುವ ಕೋವಿಯೂ ಅಪರಾಧವೇ. ಅದರ ಮೇಲೆ ವಾಷಿಂಗ್ಟನ್ ರಾಜ್ಯದ್ದೇ ಬೇರೆ ಪರವಾನಗಿ ಬೇಕು. ಇದಕ್ಕೆ ಜೈಲು ಇದೆ, ಗಡೀಪಾರೂ ಇದೆ. ಗ್ರೀನ್ ಕಾರ್ಡ್ ಬರುವವರೆಗೆ ಕೋವಿಯ ಸುದ್ದಿಗೇ ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಸ್ನೇಹಿತರದ್ದನ್ನು ಫೋಟೋಗಾಗಿ ಹಿಡಿದುಕೊಳ್ಳುವುದೂ ಬೇಡ.

ಕೋವಿಯಿಲ್ಲದೆ ಕಾಡಿನ ಮಾಂಸ ಬೇಕೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ. 2016ರ ಜುಲೈನಿಂದ ವಾಹನ ಬಡಿದು ಸತ್ತ ಜಿಂಕೆ, ಎಲ್ಕ್ (ಜಿಂಕೆಯ ಜಾತಿಯ ದೊಡ್ಡ ಪ್ರಾಣಿ) ಗಳನ್ನು ಈ ರಾಜ್ಯದಲ್ಲಿ ಯಾರು ಬೇಕಾದರೂ ಒಯ್ಯಬಹುದು. 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅನುಮತಿ ತೆಗೆಯಬೇಕು. ಕರುಳೂ ಸೇರಿ ಇಡೀ ದೇಹವನ್ನು ಒಯ್ಯಬೇಕು, ತೊಡೆ ಮಾತ್ರ ಕೊಯ್ದುಕೊಂಡು ಉಳಿದದ್ದನ್ನು ರಸ್ತೆಬದಿ ಬಿಡುವಂತಿಲ್ಲ. ಕ್ಲಾರ್ಕ್, ಕೌಲಿಟ್ಜ್, ವಾಕಯಾಕಮ್ ಕೌಂಟಿಗಳಲ್ಲಿ ಎಲ್ಕ್ ಒಯ್ಯಬಹುದು, ಜಿಂಕೆ ಮುಟ್ಟುವಂತಿಲ್ಲ. ಅಲ್ಲಿ ಸಂಖ್ಯೆ ಕಡಿಮೆಯಾಗಿರುವ ಕೊಲಂಬಿಯನ್ ಬಿಳಿಬಾಲದ ಜಿಂಕೆ ಇದೆ, ಅದಕ್ಕೆ ರಕ್ಷಣೆ ಇದೆ.