ಹಳೇ ಆಕ್ಷನ್ ಗೇಮ್ ಸೀರೀಸ್‌ನ ಹೊಸ ಜಾಗಕ್ಕೆ ಕರ್ಕೊಂಡ್ ಹೋಗೋದು ಹೇಗೆ

ಟೀಮ್‌ನಲ್ಲಿ ಯಾರಾದ್ರೂ "ಈ ಸಲ ಸೀರೀಸ್‌ನ ಬೇರೆ ಕಡೆ ತಗೊಂಡ್ ಹೋಗೋಣ" ಅಂದ್ರೆ ಸಾಕು, ಎಲ್ರೂ ಖುಷಿಯಿಂದ ಕಾನ್ಸೆಪ್ಟ್ ಆರ್ಟ್ ಫೋಲ್ಡರ್ ತುಂಬಿಸೋಕೆ ಶುರು ಹಚ್ಕೊಳ್ತಾರೆ, ಎರಡು ವಾರದಲ್ಲಿ ಹೀರೋಗೆ ಹೊಸ ಬಟ್ಟೆ, ಹೊಸ ಗಡ್ಡ, ಹಿಂದ್ಗಡೆ ಚೆಂದದ ಸೂರ್ಯಾಸ್ತ ಎಲ್ಲಾ ರೆಡಿ, ಆದ್ರೆ ಕಂಟ್ರೋಲರ್ ಕೈಗೆ ತಗೊಂಡ್ರೆ ಒತ್ತೋ ಬಟನ್ ಅದೇ, ಹೊಡೆಯೋ ಕಾಂಬೋ (ಸಾಲಾಗಿ ಬೀಳೋ ಏಟುಗಳು) ಅದೇ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋದು ಅಂದ್ರೆ ಇದೇ ನೋಡಿ. ಜಾಗ ಬದಲಾಯ್ಸೋದು ಈ ಕೆಲಸದಲ್ಲಿ ಸುಲಭದ ಭಾಗ, ಆ ಜಾಗ ಪ್ಲೇಯರ್‌ನ ಕೈಗೆ ಬೇರೆ ಕೆಲಸ ಕೊಡೋ ಹಂಗೆ ಮಾಡೋದೇ ಕಷ್ಟ. ಇದನ್ನ ನಾನು ತಪ್ಪು ಮಾಡಿಯೇ ಕಲ್ತಿದ್ದು, ಆ ಕತೆ ಮಧ್ಯದಲ್ಲಿ ಬರುತ್ತೆ.

ಮೊದಲ್ನೇ ಕೆಲಸ, ಸೀರೀಸ್‌ನ ಹಿಂದಿನ ಗೇಮ್ ಹಾಕಿ ಇಪ್ಪತ್ತು ನಿಮಿಷ ಆಡಿ, ಸ್ಕ್ರೀನ್ ರೆಕಾರ್ಡ್ ಮಾಡ್ಕೊಳ್ಳಿ. ಆಮೇಲೆ ಸೌಂಡ್ ಆಫ್ ಮಾಡಿ ವಾಪಸ್ ನೋಡ್ತಾ ಪ್ರತಿ ಹತ್ತು ಸೆಕೆಂಡಿಗೆ ಪ್ಲೇಯರ್ ಏನ್ ಮಾಡ್ತಿದಾನೆ ಅಂತ ಒಂದೇ ಒಂದು ಕ್ರಿಯಾಪದ ಬರೀರಿ. ಓಡ್ದ, ಹಾರ್ದ, ಹೊಡ್ದ, ತಪ್ಪಿಸ್ಕೊಂಡ, ಹುಡುಕ್ದ, ಅಡಗಿ ಕೂತ, ಅಷ್ಟೇ. ಕತೆ, ಹೀರೋ ಹೆಸರು, ಲೋರ್ (ಆ ಲೋಕದ ಹಿನ್ನೆಲೆ) ಯಾವುದೂ ಬೇಡ. ಕೊನೆಗೆ 120 ಪದ ಕೈಲಿರುತ್ತೆ, ಎಣಿಸಿ ನೋಡಿದ್ರೆ ಅದ್ರಲ್ಲಿ ಮೂರೋ ನಾಲ್ಕೋ ಪದಗಳೇ ಸುತ್ತಿ ಸುತ್ತಿ ಬಂದಿರುತ್ತೆ. ಜನ ಇಷ್ಟು ವರ್ಷ ದುಡ್ಡು ಕೊಟ್ಟು ವಾಪಸ್ ಬರ್ತಿರೋದು ಆ ಮೂರು ನಾಲ್ಕಕ್ಕೆ. ಉಳಿದಿದ್ದೆಲ್ಲಾ ಅಭ್ಯಾಸ, ಅದನ್ನ ಕಿತ್ತಾಕಿದ್ರೂ ಯಾರೂ ಅಳಲ್ಲ, ಅಥವಾ ಒಂದು ವಾರ ಅತ್ತು ಸುಮ್ನಾಗ್ತಾರೆ.

ಇದಕ್ಕೆ ಒಳ್ಳೇ ಉದಾಹರಣೆ ರೆಸಿಡೆಂಟ್ ಈವಿಲ್ 7, ಒಂದು ಹಾರರ್ ಸೀರೀಸ್‌ನ ಗೇಮ್. ಅದರ ಹಿಂದಿನ ಮೇನ್ ಗೇಮ್, 2012ರ ಆರನೇದು, ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಂಗಿತ್ತು, ನಾಲ್ಕು ಕ್ಯಾಂಪೇನ್, ಒಂದೊಂದೂ ಒಂದೊಂದು ಕಡೆ. 2017ರಲ್ಲಿ ಏಳನೇದು ಬಂದಾಗ ಲೂಸಿಯಾನಾದ ಜೌಗಿನಲ್ಲಿ ಒಂದು ಕೊಳಕು ಮನೆ, ಯಾರಿಗೂ ಗೊತ್ತಿಲ್ಲದ ಈಥನ್ ಅನ್ನೋ ಹೀರೋ, ಅದ್ರ ಮೇಲೆ ಕ್ಯಾಮೆರಾ ಪೂರ್ತಿ ಫಸ್ಟ್ ಪರ್ಸನ್, ಅಂದ್ರೆ ಹೀರೋ ಕಣ್ಣಿಂದಲೇ ನೋಡೋದು. ಹೊರಗಿಂದ ನೋಡಿದ್ರೆ ಇದು ಬೇರೇನೇ ಗೇಮ್. ಒಳಗೆ ಹೋದ್ರೆ ಹಸಿರು ಗಿಡಮೂಲಿಕೆ ಇದೆ, ಜೇಬಿನಲ್ಲಿ ಜಾಗ ಕಮ್ಮಿ, ಸೇವ್ ರೂಮ್‌ನಲ್ಲಿ ಐಟಂ ಬಾಕ್ಸ್ ಇದೆ, ಬೀಗದ ಕೈಗಳ ಮೇಲೆ ಚೇಳು, ಕಾಗೆ, ಹಾವಿನ ಗುರುತು. ಒಂದು ವಿಗ್ರಹದ ಕೈಯಿಂದ ಶಾಟ್‌ಗನ್ ತೆಗೆದ್ರೆ ಬಾಗಿಲು ಬಂದ್ ಆಗುತ್ತೆ, ಅದರ ಜಾಗಕ್ಕೆ ಬೇರೊಂದು ಬಂದೂಕು ಇಟ್ರೆ ಮಾತ್ರ ಹೊರಗೆ ಬರ್ಬೋದು, 1996ರ ಮೊದಲ್ನೇ ಗೇಮ್‌ನಲ್ಲೂ ಇಂಥದ್ದೇ ಶಾಟ್‌ಗನ್ ಒಗಟು ಇತ್ತು, ಅದನ್ನ ಆಡಿದವ್ರು ಇಲ್ಲಿ ನಿಂತು ನಕ್ಕಿರ್ತಾರೆ. "ಗುಂಡು ಕಮ್ಮಿ ಇದೆ, ಯಾವ ಬಾಗಿಲು ತೆಗೀಲಿ" ಅನ್ನೋ ಆ ಸಂಕಟ ಹಂಗೇ ಇದೆ, ಬದಲಾಗಿದ್ದು ಬರೀ ಅದನ್ನ ನೋಡೋ ಕಣ್ಣು.

ಪದ ಆರಿಸಿದ ಮೇಲೆ ಜಾಗ ಆರ್ಸಿ, ಉಲ್ಟಾ ಮಾಡ್ಬೇಡಿ. ಆರ್ಸೋವಾಗ ಕೇಳ್ಬೇಕಾದ ಪ್ರಶ್ನೆ "ಇದು ಚೆನ್ನಾಗಿ ಕಾಣುತ್ತಾ" ಅಂತಲ್ಲ, ಚೆನ್ನಾಗಿ ಕಾಣೋ ಹಂಗೆ ಮಾಡೋಕೆ ಆರ್ಟಿಸ್ಟ್‌ಗಳಿದಾರೆ. "ಈ ಜಾಗ ನಮ್ಮ ಹೀರೋಗೆ ಯಾವ ಕೆಲಸ ಮಾಡೋಕೆ ಬಿಡಲ್ಲ" ಅಂತ ಕೇಳಿ.

ಈಗ ನನ್ನ ಕತೆ. ಹಿಂದೆ ಒಂದು ಸಣ್ಣ ಟೀಮ್‌ನಲ್ಲಿದ್ದೆ, ನಮ್ಮ ಗೇಮ್‌ಗಳೆಲ್ಲಾ ಸಿಟಿ ಮಾಳಿಗೆಗಳ ಮೇಲೆ, ಹೀರೋ ಹತ್ರ ಕೊಕ್ಕೆ ಇರೋ ಹಗ್ಗ, ಎಸೆದು ತೂಗಾಡ್ಕೊಂಡು ಹೋಗ್ತಾನೆ. ಮುಂದಿನದು ಉಪ್ಪಿನ ಬಯಲಲ್ಲಿ ಅಂತ ತೀರ್ಮಾನ ಆಯ್ತು, ಕಣ್ಣು ಹಾಯಿಸಿದಷ್ಟೂ ಬಿಳಿ, ಚಪ್ಪಟೆ, ನಮಗೆಲ್ಲಾ ಸಖತ್ ಖುಷಿ. ಮೊದಲ್ನೇ ಬಿಲ್ಡ್‌ನಲ್ಲೇ (ಆಡಿ ನೋಡೋ ಹಂಗಿರೋ ಅರೆಬರೆ ಗೇಮ್) ಗೊತ್ತಾಯ್ತು, ಹಗ್ಗ ಎಸೆಯೋಕೆ ಏನೂ ಇಲ್ಲ! ಆಗ ನಾವು ಏನ್ ಮಾಡಿದ್ವಿ ಗೊತ್ತಾ, ಬಯಲು ತುಂಬಾ ಕಂಬ ನೆಟ್ವಿ, ಹಾಳು ಬಿದ್ದ ಗೋಪುರ, ಕ್ರೇನು, ಮುರಿದ ಹಡಗು, ಏನೇನೋ. ಎರಡು ತಿಂಗಳು ಅದ್ರಲ್ಲೇ ಹೋಯ್ತು. ಪ್ಲೇಟೆಸ್ಟ್‌ಗೆ, ಅಂದ್ರೆ ಗೇಮ್ ಆಡಿ ಅಭಿಪ್ರಾಯ ಹೇಳೋಕೆ, ಬಂದ ಒಬ್ಬ ಹುಡುಗ ಹದಿನೈದು ನಿಮಿಷ ಆಡಿ ಕಂಟ್ರೋಲರ್ ಇಟ್ಟು "ಹಳೇ ಸಿಟಿಗೇ ಸುಣ್ಣ ಹೊಡ್ದಿದೀರಾ ಅಲ್ವಾ" ಅಂದ. ರೂಮಲ್ಲಿ ಯಾರೂ ಮಾತಾಡ್ಲಿಲ್ಲ.

ಆಮೇಲೆ ಬೇಜಾರಲ್ಲೇ ಒಂದು ವಾರ ಎಲ್ಲಾ ಕಂಬ ಡಿಲೀಟ್ ಮಾಡಿ ಖಾಲಿ ಬಯಲು, ಒಬ್ಬ ಹೀರೋ, ಒಂದು ಹಗ್ಗ ಇಟ್ಕೊಂಡು ಕೂತ್ವಿ. ಗಾಳಿ ಜೋರಾಗಿ ಬೀಸಿದ್ರೆ ಹೀರೋ ಜಾರ್ಕೊಂಡ್ ಹೋಗ್ಬೇಕು, ಕೊಕ್ಕೆ ನೆಲಕ್ಕೆ ಹೊಡೆದ್ರೆ ನಿಲ್ತಾನೆ. ಅಲ್ಲಿ ಶುರುವಾಯ್ತು. ನೆಲಕ್ಕೆ ಕಟ್ಕೊಂಡಿರೋ ಹೀರೋ ಅಂದ್ರೆ ಹಗ್ಗದ ಉದ್ದದಷ್ಟೇ ಅವನ ಸಾಮ್ರಾಜ್ಯ, ಎನಿಮಿ ಆ ವೃತ್ತದ ಹೊರಗೆ ನಿಂತು ಕಾಯ್ತಾನೆ, ಗಾಳಿ ನಿಂತ ಎರಡು ಸೆಕೆಂಡಲ್ಲಿ ಕೊಕ್ಕೆ ಕಿತ್ತು ಅವನ ಮೇಲೇ ಎಸೀಬೇಕು. ಅದೇ ಹಗ್ಗ, ಅದೇ ಬಟನ್, ಆದ್ರೆ ಮೊದಲು ಹಾರೋಕೆ ಇದ್ದಿದ್ದು ಈಗ ನಿಲ್ಲೋಕೆ. ನಂಗೆ ಆ ವಾರ ಇನ್ನೂ ನೆನಪಿದೆ, ಮನೆಗೆ ಹೋಗೋಕೆ ಯಾರಿಗೂ ಮನಸ್ಸಿರ್ಲಿಲ್ಲ.

ದೊಡ್ಡವ್ರ ಕೆಲಸದಲ್ಲೂ ಇದೇ ಕಾಣೋದು. ಗಾಡ್ ಆಫ್ ವಾರ್ ತಗೊಳ್ಳಿ. 2005ರಿಂದ 2013ರ ತನಕ ಗ್ರೀಕ್ ಪುರಾಣ, ಕ್ಯಾಮೆರಾ ದೂರದಲ್ಲಿ, ಹೀರೋ ಕ್ರೇಟೋಸ್ ಸರಪಳಿ ಕತ್ತಿ ಬೀಸಿದ್ರೆ ಸ್ಕ್ರೀನ್‌ನ ಅರ್ಧ ಗುಡಿಸಿ ಹಾಕ್ತಿತ್ತು. ಸಾಂಟಾ ಮೋನಿಕಾ ಸ್ಟುಡಿಯೋದವ್ರು 2018ರಲ್ಲಿ, ಕೋರಿ ಬಾರ್ಲಾಗ್ ಡೈರೆಕ್ಷನ್‌ನಲ್ಲಿ, ನಾರ್ಸ್ (ಉತ್ತರ ಯುರೋಪಿನ ಪುರಾಣದ) ಲೋಕಕ್ಕೆ ಹೋದ್ರು. ಈಜಿಪ್ಟ್ ಕೂಡ ಚರ್ಚೆಯಲ್ಲಿತ್ತು, ಆದ್ರೆ ಅಲ್ಲಿ ನಾಗರಿಕತೆ, ಜನಜಂಗುಳಿ ಜಾಸ್ತಿ, ಅವ್ರಿಗೆ ಬೇಕಿದ್ದಿದ್ದು ಅಪ್ಪ ಮಗ ಇಬ್ರೇ ಇರೋ ಒಂಟಿ ಕಾಡು. ಇಲ್ಲೇ ನೋಡಿ, ಜಾಗ ಆರಿಸಿದ್ದು ದೇವರುಗಳ ಲಿಸ್ಟ್ ನೋಡಿ ಅಲ್ಲ, ಅಲ್ಲಿ ಎಷ್ಟು ಮೌನ ಇದೆ ಅಂತ ನೋಡಿ.

ಅದಾದ್ಮೇಲೆ ಒಂದರ ಹಿಂದೆ ಒಂದು ಬಿದ್ದಂಗೆ ಬದಲಾವಣೆ. ಕ್ಯಾಮೆರಾ ಭುಜದ ಹಿಂದೆ ಬಂತು, ಶುರುವಿಂದ ಕೊನೆ ತನಕ ಕಟ್ ಇಲ್ಲ. ಹತ್ರ ಬಂದ್ಮೇಲೆ ಬೆನ್ನ ಹಿಂದೆ ಯಾರಿದಾರೆ ಕಾಣಲ್ಲ, ಅದಕ್ಕೆ ಹೀರೋ ಸುತ್ತ ಎಚ್ಚರಿಕೆ ಬಾಣದ ಗುರುತು ಮತ್ತೆ ಮಗ ಅಟ್ರಿಯಸ್‌ನ ಕೂಗು. ಜಂಪ್ ಬಟನ್ ಹೋಯ್ತು. ಅಗಲವಾಗಿ ಗುಡಿಸೋ ಕತ್ತಿ ಈ ಇಕ್ಕಟ್ಟಿನ ಫ್ರೇಮ್‌ಗೆ ಒಗ್ಗೋದು ಕಷ್ಟ, ಬಂತು ಹಿಮದ ಶಕ್ತಿಯ ಕೊಡಲಿ. ಅದನ್ನ ಎಸೆದು ಟ್ರಯಾಂಗಲ್ ಬಟನ್ ಒತ್ತಿದ್ರೆ ಒಂದು ಕ್ಷಣ ಏನೂ ಆಗಲ್ಲ, ಆಮೇಲೆ ದೂರದಿಂದ ಸುಯ್ಯಂತ ಸದ್ದು, ಕೈಗೆ ಬಂದು ಬಡಿಯುತ್ತೆ, ಕಂಟ್ರೋಲರ್ ನಡುಗುತ್ತೆ. ಬರೋ ದಾರಿಯಲ್ಲಿ ಯಾರಾದ್ರೂ ಅಡ್ಡ ಇದ್ರೆ ಅವ್ರಿಗೂ ಏಟು. ಎನಿಮಿ ಯಾರೂ ಇಲ್ದಿದ್ರೂ ಮರಕ್ಕೆ ಎಸೆದು ವಾಪಸ್ ಕರ್ಸ್ಕೊಂಡು ಟೈಂಪಾಸ್ ಮಾಡಿದವ್ರು ಎಷ್ಟು ಜನ ಇದೀವೋ. ನಿಮ್ಮ ಹೊಸ ಸೆಟ್ಟಿಂಗ್‌ನಲ್ಲಿ ಹಿಂಗೆ ಸುಮ್ ಸುಮ್ನೆ ಮಾಡ್ಬೇಕು ಅನ್ಸೋ ಒಂದು ಕೆಲಸ ಇಲ್ಲ ಅಂದ್ರೆ ಇನ್ನೂ ಪ್ರೋಟೋಟೈಪ್ (ಐಡಿಯಾ ಪರೀಕ್ಷಿಸೋ ಕಚ್ಚಾ ಗೇಮ್) ಮುಗಿದಿಲ್ಲ ಅಂತ ತಿಳ್ಕೊಳ್ಳಿ.

ಹಳೇ ಕತ್ತಿಗಳನ್ನ ಅವ್ರು ಎಸೀಲಿಲ್ಲ, ಬಚ್ಚಿಟ್ರು. ಸತ್ತವರ ಲೋಕ ಹೆಲ್‌ಹೈಮ್‌ನಲ್ಲಿ ಎಲ್ಲಾ ಹಿಮ, ಕೊಡಲಿಯ ಚಳಿ ಅಲ್ಲಿಯವ್ರಿಗೆ ನಾಟಲ್ಲ, ಬೆಂಕಿ ಬೇಕು, ಆಗ ಕ್ರೇಟೋಸ್ ಮನೆಗೆ ಬಂದು ನೆಲದಡಿ ಹೂತಿಟ್ಟ ಕತ್ತಿ ತೆಗೀತಾನೆ. ಕತೆಗೂ ಅದು ಬೇಕಿತ್ತು, ಗೇಮ್‌ಪ್ಲೇಗೂ ಬೇಕಿತ್ತು, ಎರಡೂ ಒಂದೇ ಸೀನ್‌ನಲ್ಲಿ. ಹಳೇದನ್ನ ವಾಪಸ್ ತರೋದಿದ್ರೆ ಹಿಂಗೆ ತನ್ನಿ, ಹೊಸ ಆಯುಧ ಕೈಲಾಗಲ್ಲ ಅನ್ನೋ ಜಾಗದಲ್ಲಿ, ಪ್ಲೇಯರ್ ಹೊಸದಕ್ಕೆ ಒಗ್ಗಿದ ಮೇಲೆ. ಮೊದಲ್ನೇ ಗಂಟೆಯಲ್ಲೇ ಕೊಟ್ರೆ ಯಾರೂ ಕೊಡಲಿ ಮುಟ್ತಿರ್ಲಿಲ್ಲ.

ಪ್ರೋಟೋಟೈಪ್ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಬೂದು ಡಬ್ಬಗಳಲ್ಲೇ ಮಾಡಿ, ಟೆಕ್ಸ್ಚರ್ (ಮೇಲ್ಮೈಯ ಬಣ್ಣ, ಚಿತ್ರ) ಹಾಕಿದ್ರೆ ನಿಮ್ಮ ಕಣ್ಣೇ ನಿಮಗೆ ಮೋಸ ಮಾಡುತ್ತೆ. ಜೆಲ್ಡಾ ಬ್ರೆತ್ ಆಫ್ ದಿ ವೈಲ್ಡ್‌ನ ಬೆಂಕಿ, ಗಾಳಿ, ಮರದ ದಿಮ್ಮಿ ಐಡಿಯಾಗಳನ್ನ ನಿಂಟೆಂಡೋದವ್ರು ಮೊದಲು ಹಳೇ ಜೆಲ್ಡಾ ತರದ 2ಡಿ ಪ್ರೋಟೋಟೈಪ್‌ನಲ್ಲಿ ಆಡಿ ನೋಡಿದ್ರು, ಅದನ್ನ 2017ರ ಜಿಡಿಸಿಯಲ್ಲಿ (ಗೇಮ್ ಮಾಡೋರ ಸಮ್ಮೇಳನ) ತೋರ್ಸಿದ್ರು ಕೂಡ. ಅಷ್ಟು ದೊಡ್ಡ ಬಜೆಟ್‌ನವ್ರೇ ಹಂಗೆ ಮಾಡಿದಾರೆ ಅಂದ್ಮೇಲೆ ನಮ್ಗೇನು ನಾಚ್ಕೆ. ಇನ್ನೊಂದು, ಪ್ರೋಟೋಟೈಪ್ ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡ್ದಂಗೆ ಆದ್ರೆ ಎಸೀಬೇಡಿ, ಹೆಸರು ಬದಲಾಯ್ಸಿ. ರೆಸಿಡೆಂಟ್ ಈವಿಲ್ 4 ಅಂತ ಶುರುವಾದ ಒಂದು ವರ್ಷನ್ ಸೀರೀಸ್‌ಗೆ ಹೊಂದಲ್ಲ ಅಂತ ಆಗಿ 2001ರಲ್ಲಿ ಡೆವಿಲ್ ಮೇ ಕ್ರೈ ಆಗಿ ಹೊರಗೆ ಬಂತು, ಅದೇ ಒಂದು ದೊಡ್ಡ ಸೀರೀಸ್ ಆಯ್ತು.

ಎನಿಮಿಗಳಿಗೆ ಬರೀ ಸ್ಕಿನ್ (ಹೊರಗಿನ ವೇಷ) ಬದಲಾಯ್ಸಿ ಬಿಡ್ಬೇಡಿ. ಅಸ್ಸಾಸಿನ್ಸ್ ಕ್ರೀಡ್ ಸೀರೀಸ್‌ನ ಗೇಮ್ ವರ್ಷಕ್ಕೊಂದು ಬರ್ತಿತ್ತು, 2016ರಲ್ಲಿ ಮೇನ್ ಗೇಮ್ ಬಿಡದೆ ಟೈಮ್ ತಗೊಂಡು 2017ರ ಅಕ್ಟೋಬರ್‌ನಲ್ಲಿ ಒರಿಜಿನ್ಸ್ ಬಂತು, ಟಾಲೆಮಿ ರಾಜರ ಕಾಲದ ಈಜಿಪ್ಟ್, ಹೀರೋ ಸಿವಾದ ಬಾಯೆಕ್. ಅಲ್ಲಿ ತನಕ ಎನಿಮಿ ಹೊಡೆಯೋಕೆ ಬಂದಾಗ ಕೌಂಟರ್ ಬಟನ್ ಒತ್ತಿ ಕೂತ್ರೆ ನಡೀತಿತ್ತು, ಒರಿಜಿನ್ಸ್‌ನಲ್ಲಿ ಹಿಟ್‌ಬಾಕ್ಸ್ (ಆಯುಧ ನಿಜವಾಗಿ ತಾಗಿದ್ರೆ ಮಾತ್ರ ಏಟು) ಬಂತು, ಕತ್ತಿಯ ಉದ್ದ, ನಿಂತ ದೂರ, ಗುರಾಣಿ ಎಲ್ಲಾ ಲೆಕ್ಕಕ್ಕೆ ಬಂತು. ಮರಳುಗಾಡಲ್ಲಿ ಹತ್ತೋಕೆ ಗೋಡೆ ಕಮ್ಮಿ, ಹಂಗಾಗಿ ಮೇಲಿಂದ ನೋಡೋ ಕೆಲಸ ಸೆನು ಅನ್ನೋ ಹದ್ದಿಗೆ ಹೋಯ್ತು. ಇದು ಸರಿಯಾದ ಲೆಕ್ಕಾಚಾರ. ಆಮೇಲಿನ ಗೇಮ್‌ಗಳು ಊದ್ಕೊಂಡು ಊದ್ಕೊಂಡು ಹೋಗಿ ಕೊನೆಗೆ 2023ರ ಮಿರಾಜ್‌ನಲ್ಲಿ ಬಾಗ್ದಾದ್‌ಗೆ, ಚಿಕ್ಕ ಸೈಜ್‌ಗೆ ಇಳಿದ್ರು, ನಂಗಂತೂ ಚಿಕ್ಕದೇ ಇಷ್ಟ ಆಯ್ತು.

ರಾಕ್ಷಸರಿಗೆ ಗುಂಡು ಹೊಡೆಯೋ ಡೂಮ್ ಸೀರೀಸ್ ನೋಡಿ, ಪದ ಯಾವಾಗ್ಲೂ ಒಂದೇ, "ನುಗ್ಗು". 2016ರದ್ರಲ್ಲಿ ಓಡ್ಕೊಂಡು ನುಗ್ಗೋದು, 2020ರ ಎಟರ್ನಲ್‌ನಲ್ಲಿ ಹಾರ್ಕೊಂಡು ನುಗ್ಗೋದು, 2025ರ ದಿ ಡಾರ್ಕ್ ಏಜಸ್ ಮಧ್ಯಯುಗಕ್ಕೆ ಹೋದಾಗ ಡಬಲ್ ಜಂಪ್ ಕಿತ್ತಾಕಿ ಕೈಗೆ ಗರಗಸದ ಗುರಾಣಿ ಕೊಟ್ರು, ಈಗ ಎದೆ ಕೊಟ್ಟು ನಿಂತು ನುಗ್ಗೋದು.

ಇನ್ನು ಫ್ಯಾನ್ಸ್. ಬೈತಾರೆ, ಬೈಸ್ಕೊಳ್ಳೋಕೆ ರೆಡಿ ಇರಿ, ಆದ್ರೆ ಯಾವ ಬೈಗುಳ ಯಾವುದಕ್ಕೆ ಅಂತ ಬಿಡಿಸಿ ಓದಿ. 2013ರ ಡಿಎಂಸಿ (ಡೆವಿಲ್ ಮೇ ಕ್ರೈನ ಹೊಸ ಅವತಾರ), ನಿಂಜಾ ಥಿಯರಿ ಸ್ಟುಡಿಯೋದವ್ರು ಮಾಡಿದ್ದು, ಹೊಸ ಸಿಟಿ, ಬಿಳಿ ಕೂದಲಿನ ಹೀರೋ ಡಾಂಟೆಗೆ ಈಗ ಕಪ್ಪು ಕೂದಲು. ಗಲಾಟೆ ಎಲ್ಲಾ ಕೂದಲಿನ ಬಣ್ಣದ್ದೇ. ಗೇಮ್ ಒಳಗೇ ಹೀರೋ ತಲೆ ಮೇಲೆ ಬಿಳಿ ವಿಗ್ ಬೀಳ್ಸಿ ಜೋಕ್ ಮಾಡಿದ್ರು, ಉರಿಯೋ ಗಾಯಕ್ಕೆ ಉಪ್ಪು ಸವರಿದಂಗೆ. ಆದ್ರೆ ಆ ಗಲಾಟೆ ಅಡಿಯಲ್ಲಿ ನಿಜವಾದ ದೂರು ಎರಡಿತ್ತು, ಕನ್ಸೋಲ್‌ನಲ್ಲಿ 30 ಎಫ್‌ಪಿಎಸ್ (ಸೆಕೆಂಡಿಗೆ ಬರೀ 30 ಚಿತ್ರ), ಮತ್ತೆ ಲಾಕ್ ಆನ್ (ಒಬ್ಬ ಎನಿಮಿ ಮೇಲೇ ಗುರಿ ಹಿಡಿಯೋದು) ಇಲ್ಲ. 2015ರ ಡೆಫಿನಿಟಿವ್ ಎಡಿಷನ್‌ನಲ್ಲಿ 60 ಎಫ್‌ಪಿಎಸ್ ಬಂತು, ಲಾಕ್ ಆನ್ ಬಂತು, ಕೂದಲು ಕಪ್ಪಾಗೇ ಇತ್ತು. ಕೈಗೆ ಸಂಬಂಧಪಟ್ಟ ದೂರು ಬಂದ್ರೆ ತಕ್ಷಣ ಎದ್ದು ಕೂತ್ಕೊಳ್ಳಿ, ವೇಷದ ದೂರಿಗೆ ಸಾವಕಾಶ ಇದೆ. ಮತ್ತೆ ದಯವಿಟ್ಟು ಫ್ಯಾನ್ಸ್‌ನ ಗೇಮ್ ಒಳಗೆ ಆಡ್ಕೋಬೇಡಿ.

ಮೊದಲ ಸಲ ತೋರಿಸೋವಾಗ ಮಾತು ಕಮ್ಮಿ ಮಾಡಿ, ಆಟ ತೋರ್ಸಿ. 2016ರ ಇ3 (ದೊಡ್ಡ ಗೇಮ್ ಪ್ರದರ್ಶನ) ಟೈಮಲ್ಲಿ ಗಾಡ್ ಆಫ್ ವಾರ್‌ನವ್ರು ಸ್ಟೇಜ್ ಮೇಲೆ ಉದ್ದನೆಯ ಗೇಮ್‌ಪ್ಲೇ ತೋರ್ಸಿದ್ರು, ಕತ್ತಲಿಂದ ಗಡ್ಡದ ಕ್ರೇಟೋಸ್ ಬೆಳಕಿಗೆ ಬಂದ. ಅದೇ ಶೋನಲ್ಲಿ ರೆಸಿಡೆಂಟ್ ಈವಿಲ್ 7 ಅನೌನ್ಸ್ ಮಾಡಿದ ದಿನವೇ ಪಿಎಸ್ 4ಕ್ಕೆ ಡೆಮೋ ಬಿಟ್ರು. ಫಸ್ಟ್ ಪರ್ಸನ್ ಬಗ್ಗೆ ವಾದ ಶುರುವಾಗೋ ಹೊತ್ತಿಗೆ ಜನ ಆಗ್ಲೇ ಆ ಮನೆ ಒಳಗೆ ಹೆದರ್ಕೊಂಡು ನಿಂತಿದ್ರು.

ಕೊನೇ ಟೆಸ್ಟ್ ಹಿಂಗೆ ಮಾಡಿ. ಹಳೇ ಗೇಮ್‌ಗಳನ್ನ ಅರೆದು ಕುಡಿದವನನ್ನ ಕೂರ್ಸಿ, ಏನೂ ಹೇಳ್ಬೇಡಿ, ಸ್ಕ್ರೀನ್ ನೋಡ್ಬೇಡಿ, ಅವನ ಹೆಬ್ಬೆರಳು ನೋಡಿ. ಮೊದಲ ಹತ್ತು ನಿಮಿಷ ಹಳೇ ಅಭ್ಯಾಸದ ಬಟನ್‌ಗೇ ಹೋಗ್ತಿರುತ್ತೆ, ಅದು ಸಹಜ. ಅರ್ಧ ಗಂಟೆ ಆದ್ಮೇಲೂ ಹಂಗೇ ಹೋಗ್ತಿದ್ರೆ ಹೊಸ ಜಾಗ ಅವನ ಕೈಗೆ ಇನ್ನೂ ತಲುಪಿಲ್ಲ ಅಂತ ಅರ್ಥ, ಲೆವೆಲ್ ಡಿಸೈನ್‌ಗೆ ವಾಪಸ್ ಹೋಗಿ. ನಮ್ಮ ಉಪ್ಪಿನ ಬಯಲಿಗೆ ಆ ಸುಣ್ಣದ ಹುಡುಗನನ್ನೇ ಮತ್ತೆ ಕರೆಸಿದ್ವಿ. ಮೊದಲ ಗಾಳಿಗೇ ಹಗ್ಗ ಆಕಾಶಕ್ಕೆ ಎಸೆದು ಜಾರಿ ಹೋದ, ಎರಡನೇ ಸಲವೂ ಅದೇ, ನಾಲ್ಕನೇ ಸಲ ಗಾಳಿ ಸದ್ದು ಶುರುವಾಗೋ ಮುಂಚೆನೇ ಕೊಕ್ಕೆ ನೆಲಕ್ಕೆ ಹೊಡ್ದ, ಏನೂ ಮಾತಾಡ್ಲಿಲ್ಲ, ಕುರ್ಚಿ ಸ್ವಲ್ಪ ಮುಂದಕ್ಕೆ ಎಳ್ಕೊಂಡ.